ಹಲಗೆ ಕೊಳೆತ ದೋಣಿ

ನಮ್ಮ ತಿಳವಳ್ಳಿಗೆ ಸಮುದ್ರ ದೂರ. ನಮ್ಮ ಕಡೆ ದೋಣಿಯೆಂದರೆ ಹೊಳೆ ದಾಟಿಸುವ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಗುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು. 15-20 ಜನ ದಾಟಬಹುದು. ಈ ಪಾಠ ಹೇಳುವಾಗಲೆಲ್ಲ ನನಗನಿಸುವುದಿಷ್ಟು: ಹರಿಗೋಲಿನ ತೊಗಲು ಹರಿದರೆ ಕಣ್ಣಿಗೆ ಕಾಣುತ್ತದೆ, ಹೊಸದು ಹೊದಿಸಿದರಾಯಿತು.

ಫೈಬರ್‌ಗ್ಲಾಸ್ ದೋಣಿಯ ಕಥೆ ಬೇರೆ. 1942ರಲ್ಲಿ ಅಮೆರಿಕದ ರೇ ಗ್ರೀನ್ ಗಾಜಿನ ಎಳೆಗೆ ಪಾಲಿಯೆಸ್ಟರ್ ರಾಳ ಸೇರಿಸಿ ದೋಣಿ ಮಾಡಿದ. ಮುಂದೆ ಅಂಥವು ನಮ್ಮ ಕರಾವಳಿಗೂ ಬಂದವು. ಗಾಜು ಕೊಳೆಯದು, ನಿಜ. ಆದರೆ ಎಂಜಿನ್ ಬಿಗಿಯುವ ಹಿಂಬದಿಯಲ್ಲಿ ಬಲಕ್ಕೆಂದು ಮರದ ಹಲಗೆ ಹುದುಗಿಸುವುದುಂಟು. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊರಬರಲು ದಾರಿಯಿಲ್ಲ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಹಲಗೆ ಹಿಟ್ಟಾಗುತ್ತದೆ. ನಡುಗಡಲಲ್ಲಿ ಎಂಜಿನ್ ಕಿತ್ತುಬಂದರೆ ದಡದಲ್ಲಿ ಕಾಯುವ ಹೆಣ್ಣುಮಕ್ಕಳ ಗತಿಯೇನು?

ಬಲ್ಲವರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ, ಸಂತೆಯಲ್ಲಿ ನಾವು ಗಡಿಗೆ ಬಡಿದು ನೋಡುವ ಹಾಗೆ. ಗಟ್ಟಿಯಿದ್ದಲ್ಲಿ ನಾದ, ಕೊಳೆತಲ್ಲಿ ಮಂಕು ಸದ್ದು. ಅಲ್ಲಿ ಒಳಪದರ ಕೊಯ್ದು, ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಚೆನ್ನಾಗಿ ಒಣಗಿಸಬೇಕು. ನೀರು ತಾಳುವ ಹೊಸ ಪ್ಲೈವುಡ್ ಕೂಡಿಸಿ, ಗಾಜಿನ ಚಾಪೆ ಹಾಸಿ ರಾಳ ಕುಡಿಸಬೇಕು. ತೂತುಗಳ ಒಳಮೈಗೂ ರಾಳ ಬಳಿಯಬೇಕು. ಹಸಿಯಿರುವಾಗಲೇ ಅವಸರದಿಂದ ಮುಚ್ಚಿದರೆ ಕೊಳೆತ ಮತ್ತೆ ಶುರು.

ಹಳೆಯದೆಂದು ದೋಣಿಯನ್ನು ಎಸೆಯಬೇಕಾಗಿಲ್ಲ. ಬಣ್ಣ ಬಳಿದದ್ದೆಂದು ನಂಬಿ ನಮ್ಮವರನ್ನು ಅದರಲ್ಲಿ ಕಳಿಸಲೂಬಾರದು.