ಹಗೇವಿನ ರಾಗಿ, ಹಬ್ಬದ ಪಂಕ್ತಿ

ಕ್ರಿಸ್ತ ಜಯಂತಿ ನಮ್ಮ ಸೀಮೆಗೆ ಬರುವುದು ಸುಗ್ಗಿಯ ಹೊತ್ತಿಗೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಹೊಲಗಳಲ್ಲಿ ರಾಗಿ ಕೊಯ್ದು ಕಣಕ್ಕೆ ಸಾಗಿಸುವ ದಿನಗಳಲ್ಲೇ ನಾವು ಗೋದಲಿ ಕಟ್ಟುತ್ತೇವೆ. ಮಳೆ ಒಳ್ಳೆಯದಾಗಿದ್ದರೆ ಹಬ್ಬಕ್ಕೆ ಚಿಂತೆಯಿಲ್ಲ. ಮಳೆ ಕೈಕೊಟ್ಟ ವರ್ಷ ಏನು ಮಾಡುವುದು? ಕಣ ಬರಿದಾಗಿರುವಾಗ ಹಬ್ಬದ ಒಲೆ ಹಚ್ಚುವುದು ಹೇಗೆ, ಬಾಗಿಲಿಗೆ ಬಂದವರ ಕೈಗೆ ಹಾಕುವುದೇನನ್ನು? ಈ ಪ್ರಶ್ನೆ ನಮ್ಮ ಹಿರಿಯರಿಗೆ ಮತ್ತೆ ಮತ್ತೆ ಎದುರಾಗಿತ್ತು. ಅದನ್ನು ಅವರು ಹೇಗೆ ಎದುರಿಸಿದರು ಎಂಬುದನ್ನು ಈ ನೆಲದ ಚರಿತ್ರೆಯಲ್ಲೇ ನೋಡೋಣ.

ಹಿರಿಯರ ಬಾಯಲ್ಲಿ ಉಳಿದಿರುವ ದೊಡ್ಡ ಬರ 1876ರಿಂದ 78ರವರೆಗಿನದು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರಿನಿಂದ ಅದನ್ನು ಧಾತು ಈಶ್ವರ ಬರವೆಂದೇ ಕರೆದರು. ಆಗ ಕೊಳ್ಳೇಗಾಲ ಸೀಮೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು ಅದು. ಹಸಿವಿಗೆ ಗಡಿಯಿರಲಿಲ್ಲ, ಗಂಜಿಗೆ ಮಾತ್ರ ಇತ್ತು. ಮದರಾಸಿನ ಕಡೆ, 1877ರ ಆರಂಭದಲ್ಲಿ, ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯವೂ ಒಂದಾಣೆಯೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ವೈದ್ಯಾಧಿಕಾರಿ ಕಾರ್ನಿಷ್ ಇದನ್ನು ಗಟ್ಟಿಯಾಗಿ ವಿರೋಧಿಸಿದ. ಅದೇ ವರ್ಷದ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ಭಾರಿ ಖರ್ಚಿನಲ್ಲಿ ನಡೆಯಿತು. ಒಂದೇ ಸರ್ಕಾರ, ಒಂದೇ ತಿಂಗಳು. ಒಂದು ಕಡೆ ಕೂಲಿಯವನ ಧಾನ್ಯಕ್ಕೆ ತಕ್ಕಡಿ, ಇನ್ನೊಂದು ಕಡೆ ಅಳತೆಯಿಲ್ಲದ ಔತಣ. ಇದನ್ನು ಮಿತವ್ಯಯವೆಂದು ಕರೆಯಲು ನಮಗೆ ಮನಸ್ಸು ಬಾರದು.

ಬೇರೆ ತರಹದ ಕೈಗಳೂ ಇದ್ದವು. 1877ರ ಆಗಸ್ಟಿನಲ್ಲಿ ಮದರಾಸಿನ ಗವರ್ನರ್ ನೆರವು ಬೇಡಿದಾಗ ಲಂಡನ್ನಿನಲ್ಲಿ ನಿಧಿ ತೆರೆಯಿತು. ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಊರುಗಳಿಂದಲೂ ಹಣ ಬಂತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿ ಬಾರದೆ, ಗಿರಣಿ ನಿಂತು, ಆ ಊರುಗಳೇ ಹಸಿವನ್ನು ಕಂಡಿದ್ದವು. ಹಸಿದು ಗೊತ್ತಿದ್ದವರು ಕೊಟ್ಟರು. ಮಳೆ ಬಂದ ಮೇಲೆ ಬಿತ್ತನೆ ಬೀಜಕ್ಕೂ ಎತ್ತಿಗೂ ರೈತರಿಗೆ ಈ ಹಣ ಒದಗಿತು.

ಆದರೆ ಸರ್ಕಾರದ ಗಂಜಿಗೂ ಹೊರಗಿನ ಹಣಕ್ಕೂ ಮುಂಚೆ ಊರಿನಲ್ಲೇ ಒಂದು ಏರ್ಪಾಟು ಇತ್ತು. ಅದೇ ಹಗೇವು. ಇಂದಿನ ಮಕ್ಕಳಿಗೆ ಈ ಪದ ಗೊತ್ತಿರಲಾರದು. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ, ಬಾಯಿ ಕಿರಿದಾಗಿ ಒಡಲು ಅಗಲವಾಗಿ ಗುಂಡಿ ತೋಡುವರು; ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವರು. ರಾಗಿಗೆ ಹುಳು ಸುಲಭವಾಗಿ ಬೀಳದು. ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. 1800–01ರಲ್ಲಿ ಕಾವೇರಿಯ ದಕ್ಷಿಣದ ಈ ಸೀಮೆಯಲ್ಲೂ ಅಡ್ಡಾಡಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಇಂತಹ ಗುಂಡಿಗಳ ವಿಷಯ ಬರೆದಿದ್ದಾನೆ. ಹಗೇವು ತೆಗೆದ ಕೂಡಲೆ ಒಳಗೆ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರಪಟ್ಟು ಸತ್ತವರುಂಟು.

ಹಗೇವು ಇದ್ದವರೆಲ್ಲರೂ ಅದನ್ನು ಊರಿಗಾಗಿ ತೆರೆದರೆಂದು ಭಾವಿಸಬೇಡಿ. ಹಗೇವು ಇದ್ದದ್ದು ಹೊಲವಿದ್ದವರಿಗೆ. ಕೂಲಿಯವನಿಗೆ ಅಂದಂದಿನ ಕಾಳೇ ಗತಿ. ಕಾಡಂಚಿನವರು ಗೆಡ್ಡೆಗೆಣಸು ಅಗೆದು ದಿನ ನೂಕಿದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೂಡಿಡುವುದೊಂದೇ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕೂಡಿಟ್ಟದ್ದು ಕೈಯಿಂದ ಕೈಗೆ ಹೋಗಲು ಈ ನೆಲದಲ್ಲಿ ದಾರಿ ಮಾಡಿಕೊಟ್ಟದ್ದು ಹಬ್ಬವೇ. ಹನೂರಿನ ಕಡೆಯ ಮಲೆ ಮಹದೇಶ್ವರನ ಒಕ್ಕಲಿನವರನ್ನು ನೋಡಿ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಹೆಸರು ಹೇಳಿ ಮನೆಮನೆಗೆ ಹೋಗಿ ಭಿಕ್ಷೆ ಎತ್ತುತ್ತಾರೆ. ಹರಕೆ ಹೊತ್ತರೆ ಉಳ್ಳ ಮನೆಯ ಯಜಮಾನನೂ ಜೋಳಿಗೆ ಹಿಡಿಯಬೇಕು. ಎತ್ತಿದ ಧಾನ್ಯ ದೇವರ ಹೆಸರಿನ ಊಟಕ್ಕೆ ಸೇರಬೇಕು. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪರಂಪರೆಯ ನೀಲಗಾರರದ್ದೂ ಇದೇ ಬಗೆ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಜನ ತಾವು ಬೇಯಿಸಿದ್ದನ್ನು ಜಾತಿ ಕೇಳದೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಮಿಕ್ಕ ದಿನಗಳಲ್ಲಿ ಒಬ್ಬರ ಮನೆಯ ನೀರನ್ನು ಒಬ್ಬರು ಮುಟ್ಟದ ಕಾಲದಲ್ಲೂ ಇದು ನಡೆದುಬಂದಿದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರೊಟ್ಟಿ ಹಬ್ಬದಲ್ಲಿ ಹೊಸ ರಾಗಿಯನ್ನು ಮನೆಮನೆಯಿಂದ ತಂದು ಕೂಡಿಸಿ, ರೊಟ್ಟಿ ಸುಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ.

ಇವುಗಳಲ್ಲಿ ಒಂದು ಸೂಕ್ಷ್ಮವಿದೆ. ಯಾರೂ ಒಬ್ಬರೇ ಇಡೀ ಹಬ್ಬದ ಖರ್ಚು ಹೊರುವುದಿಲ್ಲ. ಯಾರೂ ಬರಿಗೈಯಲ್ಲಿ ಕುಳಿತು ದಾನ ಪಡೆಯುವುದೂ ಇಲ್ಲ. ಬಡವಿಯೂ ಒಂದು ಹಿಡಿ ಹಾಕಿದ್ದಾಳೆ. ಆದ್ದರಿಂದ ಪಂಕ್ತಿಯಲ್ಲಿ ಆಕೆ ತಲೆ ತಗ್ಗಿಸಿ ಕೂರಬೇಕಾಗಿಲ್ಲ. ಬರದ ವರ್ಷ ಹಿಡಿ ಚಿಕ್ಕದಾಗಬಹುದು, ಪಂಕ್ತಿ ನಿಲ್ಲದು. ಸರೆಪ್ತದ ವಿಧವೆ ಮಡಕೆಯ ತಳದ ಹಿಟ್ಟಿನಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟದ್ದೂ ಬರಗಾಲದಲ್ಲೇ. ಪ್ರಭು ಯೇಸು ಐದು ರೊಟ್ಟಿಯಿಂದ ಐದು ಸಾವಿರ ಜನರನ್ನು ತಣಿಸಿದ ಮೇಲೆ ಉಳಿದ ತುಂಡುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ಕೂಡಿಸಿಡಲು ಹೇಳಿದರು. ಧಾರಾಳವೂ ಮಿತವ್ಯಯವೂ ಒಂದೇ ಊಟದಲ್ಲಿ! ಮಿಜೋರಾಂನ ಕ್ರೈಸ್ತ ತಾಯಂದಿರು 1910ರಿಂದ ಪ್ರತಿ ಅಡಿಗೆಗೆ ಮೊದಲು ಹಿಡಿ ಅಕ್ಕಿ ತೆಗೆದಿಡುತ್ತಾ ಬಂದಿದ್ದಾರೆ. ಅವರ ಸಭೆಯ ಸೇವಾಕಾರ್ಯಗಳಿಗೆ ಅದು ದೊಡ್ಡ ಆಧಾರ.

1965ರಲ್ಲಿ ದೇಶಕ್ಕೆ ಆಹಾರದ ಕೊರತೆ ಬಂದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಲು ಕೋರಿದರು. ನಮ್ಮ ಸೀಮೆಯಲ್ಲಿ ಸೋಮವಾರ ಮೊದಲೇ ಮಾದಪ್ಪನ ವಾರ. ಒಪ್ಪತ್ತು ಇರುವ ಮನೆಗಳಿಗೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಆಮೇಲೆ ಬಂದದ್ದು ರೇಷ್ಮೆಯ ಹಣ. ಕೊಳ್ಳೇಗಾಲದ ರೇಷ್ಮೆ ಹೆಸರಾದದ್ದು. ಹಿಪ್ಪುನೇರಳೆ ಇದ್ದ ಮನೆಗೆ ವರ್ಷಕ್ಕೆ ಹಲವು ಬಾರಿ ಗೂಡಿನ ದುಡ್ಡು ಬರುತ್ತಿತ್ತು. ಅದು ಒಳ್ಳೆಯದೇ. ಆದರೆ ಹಬ್ಬದ ಅಳತೆ ಹಿಡಿಯಿಂದ ನೋಟಿಗೆ ಬದಲಾಯಿತು. ಹಗೇವು ಮುಚ್ಚಿದವು. ಚೀನಾದ ಅಗ್ಗದ ರೇಷ್ಮೆ ಬಂದು ಬೆಲೆ ಬಿದ್ದಾಗ ಹಣ ನಿಂತಿತು, ಹಬ್ಬದ ಅಳತೆ ನಿಲ್ಲಲಿಲ್ಲ. ಹಳೆಯ ಅಳತೆಗೆ ಮರಳಲು ನಾಚಿಕೆ, ಹೊಸದಕ್ಕೆ ಕೈಯಲ್ಲಿ ಕಾಸಿಲ್ಲ. ನಡುವಿನ ಜಾಗಕ್ಕೆ ಸಾಲ ಬಂತು. ಮನೆಯ ಹೆಂಗಸರ ಹೆಸರಿನಲ್ಲಿ, ವಾರದ ಕಂತಿನ ಲೆಕ್ಕದಲ್ಲಿ. ಮಾದಪ್ಪನ ಜೋಳಿಗೆ ಬಂದಾಗ ಇದ್ದಷ್ಟು ಹಾಕಬಹುದಿತ್ತು, ಇಲ್ಲದಿದ್ದರೆ ಮುಂದಿನ ವಾರವೆಂದು ಹೇಳಬಹುದಿತ್ತು. ಕಂತಿಗೆ ಹಾಗೆ ಹೇಳಲಾಗದು.

2025ರ ಜನವರಿಯಲ್ಲಿ, ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಹೆದರಿ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ಬೀಗ ಬಿದ್ದದ್ದು ಕಣದಲ್ಲಿ ರಾಗಿ ಬಡಿಯುವ, ಚಿಕ್ಕಲ್ಲೂರಿನಲ್ಲಿ ಪಂಕ್ತಿ ಕೂರುವ ತಿಂಗಳಿನಲ್ಲಿ.