ಮೇಷ್ಟರ ಮೂರು ವಯಸ್ಸು

ಮೈಸೂರಿನ ಮಹಾರಾಜಾ ಕಾಲೇಜಿನ ಕಥೆಗಳಲ್ಲಿ ನನ್ನ ಕಿವಿಗೆ ಮೊದಲು ಬಿದ್ದದ್ದು ಸಾರೋಟಿನ ಕಥೆ. 1921ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಅವರನ್ನು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಕೂರಿಸಿ, ಕುದುರೆಗಳ ಬದಲು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಆಗ ಅವರಿಗೆ ಮೂವತ್ತೆರಡರ ಆಸುಪಾಸು. ಅಲ್ಲಿ ಪಾಠ ಹೇಳಿದ್ದು ಮೂರೇ ವರ್ಷ. ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದ ನಾನು ತೃಪ್ತಿ ಎಂದರೆ ಇದೇ ಎಂದುಕೊಂಡಿದ್ದೆ. ತರಗತಿ ತುಂಬಿರಬೇಕು, ಹುಡುಗರು ಮೆಚ್ಚಬೇಕು. ಮೆಚ್ಚದ ದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ ಅದೇ ಕಾಲೇಜಿನ ಬಿ.ಎಂ.ಶ್ರೀ ಹತ್ತಿರವಾದರು. 1884ರಲ್ಲಿ ಹುಟ್ಟಿದ ಅವರಿಗೆ ಸಂಬಳ ಬರುತ್ತಿದ್ದುದು ಇಂಗ್ಲಿಷ್ ಪಾಠಕ್ಕೆ, ಮನಸ್ಸಿದ್ದುದು ಕನ್ನಡದಲ್ಲಿ. 1911ರಲ್ಲಿ, 27ರ ಹರೆಯದಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಚಪ್ಪಾಳೆಗೆ ಅದೊಂದೇ ಸಾಕಿತ್ತು. ಆದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಶುರುವಾದದ್ದು 1927ರಲ್ಲಿ; ಅದರ ಹಿಂದೆ ಅವರ ಒತ್ತಾಸೆಯಿತ್ತು. ಭಾಷಣಕ್ಕೂ ತರಗತಿಗೂ ನಡುವೆ 16 ವರ್ಷ! ನಡುವಯಸ್ಸಿನ ತೃಪ್ತಿ ಇಂಥದ್ದು. ಅದನ್ನು ಯಾರೂ ಸಾರೋಟಿನಲ್ಲಿ ಮೆರೆಸುವುದಿಲ್ಲ. ತಾನು ಹೋದ ಮೇಲೂ ಬಾಗಿಲು ತೆರೆದಿರುವ ಒಂದು ಕೋಣೆ ಕಟ್ಟಿದೆನಲ್ಲ ಎಂಬ ಸಮಾಧಾನ ಅದು. ನಿವೃತ್ತಿಯ ನಂತರವೂ ಶ್ರೀಯವರು ಸುಮ್ಮನೆ ಕೂರಲಿಲ್ಲ. ಧಾರವಾಡಕ್ಕೇ ಹೋಗಿ ಕಾಲೇಜೊಂದರ ಪ್ರಾಂಶುಪಾಲರಾದರು. 1946ರಲ್ಲಿ ಕಣ್ಣು ಮುಚ್ಚಿದ್ದೂ ಆ ಊರಿನಲ್ಲೇ.

ಈಗ ನಿವೃತ್ತಿ ಹತ್ತಿರವಾಗುತ್ತಿರುವಾಗ ನನ್ನನ್ನು ಕಾಡುವವರು ಟಿ.ಎಸ್. ವೆಂಕಣ್ಣಯ್ಯ. ಅದೇ ಎಂ.ಎ. ತರಗತಿಗೆ ಪಾಠ ಹೇಳಿದವರು. ತಾವು ಬರೆದದ್ದು ಕಡಿಮೆ, ಬರೆಯುವವರನ್ನು ಬೆಳೆಸಿದ್ದು ಹೆಚ್ಚು. ಅವರ ಶಿಷ್ಯ ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ವೆಂಕಣ್ಣಯ್ಯನವರು 1939ರಲ್ಲಿ, ಅರವತ್ತು ತುಂಬುವ ಮುಂಚೆಯೇ ತೀರಿಕೊಂಡರು. ಹತ್ತು ವರ್ಷದ ನಂತರ, 1949ರಲ್ಲಿ, 'ಶ್ರೀ ರಾಮಾಯಣ ದರ್ಶನಂ' ಅಚ್ಚಾಗಿ ಬಂತು. ಕುವೆಂಪು ಅದನ್ನು ಅರ್ಪಿಸಿದ್ದು ಈ ಗುರುಗಳಿಗೇ. ಒಬ್ಬ ಮೇಷ್ಟರಿಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಸಂದದ್ದನ್ನು ನಾನು ಕಾಣೆ. ಪಡೆಯಬೇಕಾದವರು ಮಾತ್ರ ಇರಲಿಲ್ಲ.

ಹಾಗಾದರೆ ಅವರಿಗೆ ತೃಪ್ತಿ ಸಿಗಲೇ ಇಲ್ಲವೆ? ಬಹಳ ದಿನ ಈ ಪ್ರಶ್ನೆ ನನ್ನಲ್ಲಿತ್ತು. ಈಗ ನನ್ನ ಊಹೆ ಬೇರೆ. ಶಿಷ್ಯ ತನ್ನನ್ನು ಮೀರುತ್ತಾನೆ ಎಂದು ಗೊತ್ತಾಗಲು ಮಹಾಕಾವ್ಯ ಅಚ್ಚಾಗುವವರೆಗೆ ಕಾಯಬೇಕಿಲ್ಲ. ಅದು ತರಗತಿಯಲ್ಲೇ, ಒಂದು ಪ್ರಶ್ನೆಯಲ್ಲೇ ತಿಳಿದುಬಿಡುತ್ತದೆ. ಮಿಕ್ಕಿದ್ದು ಲೋಕಕ್ಕೆ ತಡವಾಗಿ ಸಿಗುವ ಸಾಕ್ಷಿ, ಅಷ್ಟೆ.

ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಾನು ಹೇಳಿದ ಅರ್ಥವನ್ನು ಒಪ್ಪದೆ ಎದ್ದು ನಿಂತಳು. ಅವಳು ಹೇಳಿದ್ದೇ ಸರಿಯಿತ್ತು. ಇಪ್ಪತ್ತೆಂಟರಲ್ಲಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅಂದು ಮನೆಗೆ ನಡೆದುಕೊಂಡೇ ಬಂದೆ, ದಾರಿಯುದ್ದಕ್ಕೂ ಅವಳ ಮಾತನ್ನೇ ಮೆಲುಕು ಹಾಕುತ್ತ.