ಮೀಥೇನ್ ವಾಯುವಿನ ಪ್ರಾದೇಶಿಕ ಗಣನೆ – ಒಂದು ಐತಿಹಾಸಿಕ ಸಮೀಕ್ಷೆ

ಇಂಡಿ ತಾಲ್ಲೂಕಿನ ಸಾಲೋಟಗಿಯು ಇತಿಹಾಸಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಶಕವರ್ಷ 867ರ, ಎಂದರೆ ಕ್ರಿ.ಶ. 945ರ ಸ್ತಂಭಶಾಸನವು ಇಲ್ಲಿಯದು. ಅಂದು ಪಾವಿಟ್ಟಗೆಯೆನಿಸಿದ್ದ ಈ ಅಗ್ರಹಾರದಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ, ಅವರ ವಸತಿಗೆ 27 ಮನೆಗಳಿದ್ದುವೆಂದೂ ಅದರಿಂದ ತಿಳಿದುಬರುತ್ತದೆ. ವಿದ್ಯಾರ್ಥಿಗಳ ಸಂಖ್ಯೆಯನ್ನಾದರೋ ನಾವೇ ಆ ಮನೆಗಳಿಂದ, ದೀಪಕ್ಕೆಂದು ಬಿಟ್ಟ 12 ನಿವರ್ತನ ಭೂಮಿಯಿಂದ ಊಹಿಸಬೇಕಾಗಿದೆ. ಮನೆಯೊಂದಕ್ಕೆ ಎಷ್ಟು ಮಂದಿಯೆಂದು ಮೊದಲು ಇಟ್ಟುಕೊಳ್ಳುತ್ತೇವೆಯೋ ಅದರಂತೆ ಉತ್ತರವೂ ಬದಲಾಗುತ್ತದೆ.

ಹೀಗೆ ಕಾರ್ಯದಿಂದ ಕಾರಣವನ್ನು ಅಳೆಯುವ ಕ್ರಮಕ್ಕೆ ವಾಯುಮಂಡಲ ವಿಜ್ಞಾನದಲ್ಲಿ ವಿಲೋಮ ಗಣನೆಯೆಂದು ಹೆಸರಿಡಬಹುದು. ಮೀಥೇನ್ ವಾಯುವಿನ ವಿಷಯದಲ್ಲಿ ಈ ಕ್ರಮವು ಬೆಳೆದುಬಂದ ಬಗೆಯನ್ನು ನಿರೂಪಿಸಿ, ಸಾಲೋಟಗಿಯಂಥ ಪ್ರದೇಶಕ್ಕೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು 1776ರಲ್ಲಿ ಜೌಗುನೆಲದ ಕೆಸರಿನಿಂದ ಏಳುತ್ತಿದ್ದ ಈ ವಾಯುವನ್ನು ಗುರುತಿಸಿದನು. ವಾತಾವರಣದಲ್ಲಿಯೂ ಅದು ಇದೆಯೆಂಬುದನ್ನು 1948ರಲ್ಲಿ ಮಿಜೊಟ್ ಎಂಬುವನು ಸೂರ್ಯನ ಅವಕೆಂಪು ರೋಹಿತದಿಂದ ಕಂಡುಕೊಂಡನು. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ನೂರು ಕೋಟಿ ಭಾಗಗಳಲ್ಲಿ ಸುಮಾರು 700 ಭಾಗಗಳಷ್ಟಿದ್ದ ಮೀಥೇನ್ ಈಗ 1900ನ್ನು ಮೀರಿದೆ. ಭೂಮಿಯ ತಾಪವನ್ನು ಹೆಚ್ಚಿಸುವ ವಾಯುಗಳಲ್ಲಿ ಇಂಗಾಲಾಮ್ಲವನ್ನು ಬಿಟ್ಟರೆ ಇದೇ ಪ್ರಧಾನವಾದುದು. ಆದಕಾರಣ ಯಾವ ದೇಶದಿಂದ ಎಷ್ಟು ಹೊರಡುತ್ತದೆಂಬುದು ಕೇವಲ ವಿದ್ವಾಂಸರ ಕುತೂಹಲವಾಗಿ ಉಳಿಯದೆ ರಾಷ್ಟ್ರಗಳ ನಡುವಣ ನ್ಯಾಯದ ಪ್ರಶ್ನೆಯಾಯಿತು.

ಭಾರತವು ಈ ಪ್ರಶ್ನೆಯನ್ನು ಬಹು ತೀಕ್ಷ್ಣವಾದ ರೂಪದಲ್ಲಿ ಎದುರಿಸಬೇಕಾಯಿತು. ನಮ್ಮ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಏಳುತ್ತದೆಂದು 1990ರ ಸುಮಾರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆಯು ಅಂದಾಜು ಮಾಡಿತ್ತು. ಈ ಅಂಕಿಗೆ ಅನ್ಯದೇಶಗಳ ಗದ್ದೆಗಳಲ್ಲಿ ಮಾಡಿದ ಅಳತೆಗಳೇ ಆಧಾರವಾಗಿದ್ದುವು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರಾ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ದೇಶದ ಗದ್ದೆಗಳಲ್ಲಿಯೇ ಅಳೆದು ನೋಡಲು, ಮೊತ್ತವು 40 ಲಕ್ಷ ಟನ್ನಿನ ಆಸುಪಾಸಿಗೆ ಇಳಿಯಿತು. ಹತ್ತರಲ್ಲಿ ಒಂಬತ್ತು ಪಾಲು ಕಾಗದದ ಮೇಲಿನ ಆರೋಪವಾಗಿತ್ತೆಂದಾಯಿತು.

ಗದ್ದೆಯಿಂದ ಗದ್ದೆಗೆ, ದನದಿಂದ ದನಕ್ಕೆ ಎಣಿಸಿ ಕೂಡಿಸುವುದು ಒಂದು ದಾರಿ. ಅದನ್ನು ಒರೆಗೆ ಹಚ್ಚುವ ಇನ್ನೊಂದು ದಾರಿಯೇ ವಿಲೋಮ ಗಣನೆ. ಜಗತ್ತಿನ ಮೀಥೇನ್ ಲೆಕ್ಕಕ್ಕೆ ಈ ಕ್ರಮವನ್ನು ಅನ್ವಯಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಹೈನ್, ಕ್ರುಟ್ಜನ್, ಹೈಮನ್ ಎಂಬುವರು 1997ರಲ್ಲಿ ಪ್ರಕಟಿಸಿದ ಅಧ್ಯಯನವು ಗಣ್ಯವಾದುದು. ಇಲ್ಲಿ ಮೊದಲು ಎಣಿಕೆಯ ಪಟ್ಟಿಯನ್ನು ಪೂರ್ವಾನುಮಾನವಾಗಿ ಸ್ವೀಕರಿಸುತ್ತಾರೆ. ಬೀಸಿದ ಗಾಳಿಯ ದಾಖಲೆಗಳನ್ನು ಹಿಡಿದು ಆ ಮೀಥೇನ್ ಎಲ್ಲಿಗೆ ಸಾಗಿತು, ದಾರಿಯಲ್ಲಿ ಎಷ್ಟು ನಶಿಸಿತು ಎಂಬುದನ್ನು ಗಣಿಸುತ್ತಾರೆ. ಮಾಪನಕೇಂದ್ರದಲ್ಲಿ ನಿಜವಾಗಿ ದೊರೆತ ಅಳತೆಯೊಡನೆ ಅದನ್ನು ತಾಳೆನೋಡಿ, ವ್ಯತ್ಯಾಸಕ್ಕೆ ತಕ್ಕಂತೆ ಮೂಲದ ಪಟ್ಟಿಯನ್ನು ತಿದ್ದುತ್ತಾರೆ. ಪಟ್ಟಿಯಲ್ಲಿ ಎಷ್ಟು ನಂಬಿಕೆ, ಅಳತೆಯಲ್ಲಿ ಎಷ್ಟು ನಂಬಿಕೆ ಎಂಬ ತೂಕವೇ ಈ ತಿದ್ದುಪಡಿಯ ಪ್ರಮಾಣವನ್ನು ನಿರ್ಣಯಿಸುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ, ಕಾರವಾರಕ್ಕೆ ಉತ್ತರದಲ್ಲಿರುವ ಗೋವೆಯ ಕಾಬೊ ದ ರಾಮದಲ್ಲಿ 1993ರಿಂದ ಸೀಸೆಗಳಲ್ಲಿ ಗಾಳಿಯನ್ನು ಹಿಡಿದು ಪರೀಕ್ಷೆಗೆ ಆಸ್ಟ್ರೇಲಿಯಕ್ಕೆ ಕಳುಹಿಸಲಾಗುತ್ತಿತ್ತು. ಮುಂಗಾರಿನಲ್ಲಿ ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ಮೀಥೇನ್ ಕಡಮೆ. ಚಳಿಗಾಲದಲ್ಲಿ ಒಳನಾಡಿನಿಂದ ಬರುವ ಗಾಳಿಯಲ್ಲಿ ಹೆಚ್ಚು. ಈ ಅಂತರದಲ್ಲಿಯೇ ನೆಲದ ಲೆಕ್ಕವು ಅಡಗಿದೆ. ಮುಂದೆ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ನೆಲದ ಕೇಂದ್ರಗಳು, ವಿಮಾನ, 2009ರಲ್ಲಿ ಜಪಾನು ಹಾರಿಸಿದ ಗೋಸ್ಯಾಟ್ ಉಪಗ್ರಹ ಇವುಗಳ ಮಾಪನಗಳನ್ನು ಕೂಡಿಸಿ, 2010ರಿಂದ 2015ರವರೆಗೆ ಭಾರತದ ಉತ್ಸರ್ಜನೆಯು ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಎಂದು 2017ರಲ್ಲಿ ಪ್ರಕಟಿಸಿದರು. ಭಾರತವು ವಿಶ್ವಸಂಸ್ಥೆಗೆ ಒಪ್ಪಿಸಿದ್ದ ಲೆಕ್ಕಕ್ಕೆ ಇದು ಹೊಂದುತ್ತಿತ್ತು. ಗಾಳಿಯೇ ನಮ್ಮ ಪರವಾಗಿ ಸಾಕ್ಷಿ ನುಡಿದಂತಾಯಿತು.

ಆದರೆ ದೇಶಕ್ಕೆ ಒಪ್ಪುವ ಮಾತು ಜಿಲ್ಲೆಗೆ ಒಪ್ಪುವುದೆಂದು ಭಾವಿಸಲಾಗದು. ಭೀಮಾ ಕೃಷ್ಣೆಯರ ನಡುವಣ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಬಿಳಿಜೋಳದ ಸೀಮೆ. ಇಲ್ಲಿ ಭತ್ತದ ಗದ್ದೆ ವಿರಳ. ಎತ್ತು, ಎಮ್ಮೆ, ಆಡು, ಕುರಿಗಳೂ ಆಲಮಟ್ಟಿಯಂಥ ಜಲಾಶಯವೂ ಲೆಕ್ಕಕ್ಕೆ ಬರತಕ್ಕವು. ಇಲ್ಲಿಯ ಗಾಳಿಯು ಕರಾವಳಿಯನ್ನು ಮುಟ್ಟುವಷ್ಟರಲ್ಲಿ ಅನೇಕ ಜಿಲ್ಲೆಗಳ ಗಾಳಿಯೊಡನೆ ಬೆರೆತುಹೋಗಿರುತ್ತದೆ. ಸಮೀಪದಲ್ಲಿ ಅಳತೆಯಿಲ್ಲದ ಪ್ರದೇಶಕ್ಕೆ ಗಣಕವು ಕೊಡುವ ಉತ್ತರವು ಬಹುಮಟ್ಟಿಗೆ ನಾವು ಕೊಟ್ಟ ಪೂರ್ವಾನುಮಾನವೇ. ಅದನ್ನು ಹೊಸ ಪ್ರಮಾಣವೆಂದು ಎಣಿಸಿ, ಅದರ ಮೇಲೆ ರೈತನ ದನಕರುಗಳನ್ನು ಕುರಿತ ನೀತಿಯನ್ನು ಕಟ್ಟಿದರೆ, 1990ರ ಅಂದಾಜಿನ ಅನ್ಯಾಯವನ್ನೇ ನಮ್ಮವರ ಮೇಲೆ ನಾವು ಎಸಗಿದಂತಾಗುತ್ತದೆ.

ಆದುದರಿಂದ ಪ್ರಾದೇಶಿಕ ಅಂಕಿಯೊಂದು ಕಣ್ಣಿಗೆ ಬಿದ್ದಾಗ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಅಳತೆ ಎಲ್ಲಿ ನಡೆಯಿತು? ಅಳತೆಯ ಫಲವಾಗಿ ಪೂರ್ವಾನುಮಾನವು ಎಷ್ಟು ಬದಲಾಯಿತು? ಬದಲಾಗದೆ ಉಳಿದ ಸಂಖ್ಯೆಯು ಸಿದ್ಧಾಂತವಲ್ಲ, ಊಹೆ. ಇಪ್ಪತ್ತೇಳು ಮನೆಗಳು ಶಾಸನದಲ್ಲಿವೆ. ಮನೆಗೆ ಇಷ್ಟು ಮಂದಿಯೆಂಬುದು ನಮ್ಮದು. ಇವೆರಡರ ಭೇದವನ್ನು ಕಾಯ್ದುಕೊಳ್ಳುವುದು ಇತಿಹಾಸಕಾರನಿಗೂ ವಾಯುವಿಜ್ಞಾನಿಗೂ ಸಮಾನವಾದ ಕರ್ತವ್ಯವೆಂದು ನಾವು ತಿಳಿಯುತ್ತೇವೆ.